ಗಾಲಿಯ ತಾರೀಖು

ಟೈರು ಬಿಚ್ಚದ ಯಾವ ಗಾಲಿನೂ ಖರೇ ಹೇಳೂದಿಲ್ಲ.
ಮೊದಲ ಗಾಳಿ ಬಿಡಬೇಕು,
ಆಮ್ಯಾಲ ಟ್ಯೂಬು, ಟ್ಯೂಬಿನ ಕೆಳಗ ರಬ್ಬರ್ ಪಟ್ಟಿ,
ಪಟ್ಟಿ ಕೆಳಗ ಎಪ್ಪತ್ತು ವರ್ಷದ ತುಕ್ಕು.
ಸೀಮೆಎಣ್ಣಿ ಹಚ್ಚಿ ಒಂದು ತಾಸು ಸುಮ್ಮ ಕೂಡಬೇಕು.
ಅವಸರದ ಮಂದಿ ಉಕ್ಕಿನ ಬ್ರಶ್ ಹಿಡೀತಾರ,
ತುಕ್ಕಿನ ಜೋಡಿ ಅಂಕಿನೂ ತಿಕ್ಕಿ ಒಗೀತಾರ.

ಶಹಾಬಜಾರ ನಾಕಾದ ಬಾಜೂಕ ನನ್ನ ಅಂಗಡಿ.
ಸೈಕಲ್ಲಿಗೆ ಕಡ್ಡಿ ಬಿಗಿಯೂದು, ಸೊಟ್ಟ ರಿಮ್ಮು ನೆಟ್ಟಗ ಮಾಡೂದು,
ಅಪ್ಪ ಮಾನಪ್ಪ ಪಾಂಚಾಳನಿಂದ ಬಂದ ಕೆಲಸ.
ಬೋರ್ಡಿನ ಮ್ಯಾಲ ಇನ್ನೂ ಅವನ ಹೆಸರೇ ಅದ.
ಬಂದವರು ನನ್ನ ಮಾರಿ ನೋಡಿಕೋತ
'ಮಿಸ್ತ್ರಿ ಎಲ್ಲಿ?' ಅಂತಾರ.

ಇವತ್ತ ಹಂಗ ಕೇಳಿದವರು ಪುಣೆಯ ಆಪ್ಟೆ.
ಟೆಂಪೋದಾಗ ಐದು ತಂತಿಗಾಲಿ,
ಗೋಣಿತಾಟಿನಾಗ ಸುತ್ತಿದ್ದು, ಹಸಗೂಸಿನಂಗ.
ಜೋಡಿ ಇಫ್ತಿಖಾರ ಸಾಹೇಬರು:
'ದಾದಾಜಾನ್ ವಿಲಾಯತಿಂದ ತರಿಸಿದ್ದು.
ಎರಡೇ ಸೀಟು, ನೆತ್ತಿ ಮ್ಯಾಲ ಬರೇ ಆಕಾಶ.
ಸ್ಟೆಪ್ನಿ ಹಿಡಿದು ಐದಕ್ಕ ಐದೂ ಕಾರ್ಖಾನಿವೇ, ಕಸಮ್.'
ಕಾರಿಗೆ ಕಾಗದ ಅದ: ಐವತ್ನಾಕರ ಜೂನ್.
ಗಾಲಿಗೆ ಎಲ್ಲಿಯ ಕಾಗದ?

ಗಾಲಿ ಕಾರಿಗಿಂತ ಹಿರೇದಿರಬೇಕು,
ಎರಡು ತಿಂಗಳು, ಮೂರು ತಿಂಗಳು.
ವರ್ಷ ಹಿರೇದಾದರ ಬ್ಯಾರೆ ಮನೀದು,
ಒಂದು ತಿಂಗಳು ಸಣ್ಣದಾದರೂ ಆಮ್ಯಾಲ ಬಂದದ್ದು.
ಅಂಕಿಯ ತಳದಾಗ ಮೊದಲಿನ ಬಣ್ಣ ಕೂತಿರಬೇಕು.
ಬಣ್ಣ ಸೀಳಿಕೊಂಡು ಇಳಿದ ಅಂಕಿ
ನಿನ್ನೆ ಯಾರೋ ಸುತ್ತಿಗಿ ಹಿಡಿದು ಹೊಡೆದದ್ದು.

ಮೊದಲನೇದು ಮೂರು, ಐವತ್ನಾಕು.
ಎರಡನೇದು ಅದೇ.
ಮೂರನೇದಕ್ಕ ನಲವತ್ತೆಂಟು ಕಡ್ಡಿಯಾಗ ಎರಡು ಬದಲಿ,
ಅಂಕಿ ಮಾತ್ರ ಅದೇ.
ನಾಕನೇದು ಸೀಮೆಎಣ್ಣಿಗೂ ಬಗ್ಗಲಿಲ್ಲ.
ತೆಳ್ಳನ್ನ ಕಾಗದ ಇಟ್ಟು ಪೆನ್ಸಿಲ್ ಆಡಿಸಿದೆ,
ಮೆಲ್ಲಕ ಎದ್ದು ಬಂತು ಮೂರು,
ನೆತ್ತಿ ಚಪ್ಪಟಿ, ಕೊಂಡಿ ಬಾಗಿದ ಮೂರು.

ಎಲ್ಲೋ ನೋಡಿದ ಮಾರಿ.

ಐದನೇದರಾಗ ಹನ್ನೊಂದು, ಐವತ್ತೆಂಟು.
ಕರೇ ಬಣ್ಣದ ಕೆಳಗ ಹಸರು.
'ಇದು ಬ್ಯಾರೆ ಕಾರಿಂದ್ರಿ,' ಅಂದೆ.
ಸಾಹೇಬರು ರಸ್ತೆಯ ಬಿಸಲು ನೋಡಿದರು.
ಆಮ್ಯಾಲ ಅಂದರು:
ಅಬ್ಬಾಜಾನ್ ಸೇಡಂ ರಸ್ತೆಯಾಗ ಒಂದು ರಾತ್ರಿ
ಸೇತುವೆ ಕಟ್ಟಿಗೆ ಹೊಡೆದಿದ್ದರಂತ,
ಸೊಟ್ಟಾದ ಗಾಲಿ ಕೂಲಿಯ ಬದಲಿ ಮಿಸ್ತ್ರಿಗೇ ಕೊಟ್ಟರಂತ.
'ಯಾವ ಮಿಸ್ತ್ರಿ?'
'ಮಿಸ್ತ್ರಿ ಹೆಸರು ಯಾರಿಗೆ ನೆನಪಿರ್ತದ ಬಾಯಿ?'

ನಮ್ಮ ಅಂಗಳದ ಮೂಲ್ಯಾಗ, ಫರಸಿ ಮ್ಯಾಲ,
ರಂಜಣಗಿಯ ಕೆಳಗ ಒಂದು ಗಾಲಿ ಅದ.
ಒಂದು ಕಡೆ ತಗ್ಗು. ತಗ್ಗಿಗೆ ಒಂದು ಹೆಂಚಿನ ಚೂರು.
ಸಾಲಿಗೆ ಹಾಕೂ ಮೊದಲ ಅವ್ವ ನನ್ನ ಬೆರಳ ಹಿಡಿದು
ಅದರ ಅಂಚಿನಾಗ ಆಡಿಸತಿದ್ದಳು:
ಮೂರು. ಐದು. ನಾಕು.
ಅವಳಿಗೆ ಬರತಿದ್ದ ಅಂಕಿನೂ ಅಷ್ಟೇ.
ಪಾಟಿ ಮ್ಯಾಲ ನಾ ಚಪ್ಪಟಿ ನೆತ್ತಿಯ ಮೂರು ಬರೆದೆನಂತ
ಕಾಳಪ್ಪ ಮಾಸ್ತರ ಗೆಣ್ಣಿಗೆ ಹೊಡೆದಿದ್ದ.

ಆಪ್ಟೆಯವರಿಗೆ ಚೀಟಿ ಬರೆದುಕೊಟ್ಟೆ:
ನಾಕು ಖರೇ, ಒಂದು ಬದಲಿ.
ಕೆಳಗ ಸಹಿ, ಮೋನಮ್ಮ ಪಾಂಚಾಳ.
ಚೀಟಿ ಮೂಗಿನ ಹತ್ರ ಹಿಡಿದು ಅವರು ನಕ್ಕರು:
'ನೀವು ಮೂರು ಬರೆಯೂದು
ಥೇಟ್ ಆ ಅಚ್ಚಿನ ಹಂಗೇ ಅದ.'
'ರೂಢಿರಿ,' ಅಂದೆ.
'ಐದನೇದು ಎಲ್ಲಾದರೂ ಸಿಕ್ಕರ ತಿಳಸ್ರಿ,
ಕೇಳಿದಷ್ಟು ಕೊಡ್ತೀನಿ.'
'ನೋಡ್ತೀನ್ರಿ.'

ಸಂಜಿಗೆ ಮನಿಗೆ ಬಂದು ಅಂಗಳದಾಗ ಕೂತೆ.
ಅಂಕಿಯ ಮ್ಯಾಲ ಪಾಚಿ, ಪಾಚಿಯ ಮ್ಯಾಲ ಹನಿ.
ರಂಜಣಗಿ ಅರ್ಧ ಇತ್ತು. ಒಬ್ಬಳೇ ಎತ್ತಬಹುದಿತ್ತು.
ಖಾಲಿ ಆಗಲಿ, ನೋಡೂಣು, ಅಂದುಕೊಂಡು
ಇನ್ನೊಂದು ಕೊಡ ಸುರುವಿದೆ.